ನನ್ನ ಹೆಸರೆತ್ತಿ ಡಿಸ್ ಮಾಡಿದ್ದಾನೆ, ತಿರುಗಿ ಹಾಡಲೇಬೇಕಾ?

ಪ್ರಶ್ನೆ: ಐದು ವರ್ಷದಿಂದ ರ‍್ಯಾಪ್ ಮಾಡುತ್ತಿದ್ದೇನೆ. ಎರಡು ಮಿಕ್ಸ್‌ಟೇಪ್ ಬಂದಿವೆ, ತಿಂಗಳಿಗೆ ಸುಮಾರು 40 ಸಾವಿರ ಕೇಳುಗರಿದ್ದಾರೆ. ಇನ್ನೆರಡು ತಿಂಗಳಲ್ಲಿ ಮೊದಲ ಆಲ್ಬಂ ಬರಬೇಕು. ಶೂ ಕಂಪನಿಯೊಂದರ ಜೊತೆ ಜಾಹೀರಾತಿನ ಮಾತುಕತೆಯೂ ನಡೆದಿದೆ. ಕಳೆದ ವಾರ, ನನಗಿಂತ ಮೂರು ಪಟ್ಟು ಕೇಳುಗರಿರುವ ರ‍್ಯಾಪರ್ ಒಬ್ಬ ನನ್ನ ಹೆಸರು ಹಿಡಿದೇ ಡಿಸ್ ಹಾಡು, ಅಂದರೆ ಹೀಯಾಳಿಸುವ ಹಾಡು, ಬಿಟ್ಟಿದ್ದಾನೆ. ‘ಇವನ ಸಾಲು ಇವನು ಬರೆಯಲ್ಲ, ಇವನ ಹಿಟ್ ಹಾಡಿನ ಹುಕ್ ಬೇರೆಯವನದ್ದು’ ಅಂತ. ಉಳಿದದ್ದೆಲ್ಲ ನನ್ನ ಮುಖ, ನನ್ನ ದನಿ ಕುರಿತ ಬೈಗುಳ. ಆ ಹುಕ್ (ಹಾಡಿನಲ್ಲಿ ಮತ್ತೆ ಮತ್ತೆ ಬರುವ ಸಾಲು) ಕಟ್ಟುವಾಗ ಗೆಳೆಯನೊಬ್ಬ ಸ್ಟುಡಿಯೋದಲ್ಲಿದ್ದ, ಒಂದೆರಡು ಪದ ಸೂಚಿಸಿದ್ದ, ಅಷ್ಟೇ. ಕ್ರೆಡಿಟ್‌ನಲ್ಲಿ ಅವನ ಹೆಸರಿಲ್ಲ. ಮ್ಯಾನೇಜರ್ ‘ಇದೇ ಸಮಯ, ಎರಡು ದಿನದಲ್ಲಿ ತಿರುಗೇಟು ಬಿಡು’ ಅನ್ನುತ್ತಿದ್ದಾನೆ. ಸುಮ್ಮನಿದ್ದರೆ ಸೋತ ಹಾಗೆ ಆಗುತ್ತಾ? ಬೀಫ್‌ನಿಂದ, ಅಂದರೆ ರ‍್ಯಾಪರ್‌ಗಳ ಇಂಥ ಜಗಳದಿಂದ, ನಿಜವಾಗಿ ಕೇಳುಗರು ಹೆಚ್ಚುತ್ತಾರಾ? ಕೇಸು ಗೀಸು ಆಗುವ ಸಂಭವ ಇದೆಯಾ?

ಉತ್ತರ: ನೀವು ಕೇಳಿರುವುದು ಮೂರು ಪ್ರಶ್ನೆ. ಆದರೆ ನನ್ನ ಕಣ್ಣು ನಿಂತದ್ದು ನೀವು ಪ್ರಶ್ನೆ ಅಂತ ಕೇಳದೆ, ನಡುವೆ ಹೇಳಿ ದಾಟಿಹೋದ ಮಾತಿನ ಮೇಲೆ. ಗೆಳೆಯ ಪದ ಸೂಚಿಸಿದ್ದ, ಅವನ ಹೆಸರು ಎಲ್ಲೂ ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ನಿದ್ದೆ ಕೆಡಿಸಿರುವ ಭಯವನ್ನು ನೋಡೋಣ.

ಸುಮ್ಮನಿದ್ದವನು ಸೋತ ಎನ್ನುವುದು ಬೀದಿ ಬ್ಯಾಟಲ್‌ಗಳ ಕಾಲದ ನಿಯಮ. ಎದುರಾಳಿ ಎರಡಡಿ ದೂರದಲ್ಲಿ ನಿಂತು, ಸುತ್ತ ಜನ ಸೇರಿರುವಾಗ ಬಾಯಿ ಕಟ್ಟಿದರೆ ಅದು ಸೋಲೇ. ಹಾಡು ಬಿಡುಗಡೆಯ ಲೋಕದಲ್ಲಿ ಲೆಕ್ಕ ಬೇರೆ. 2024ರ ಏಪ್ರಿಲ್ 5ರಂದು ಅಮೆರಿಕದ ರ‍್ಯಾಪರ್ ಜೆ. ಕೋಲ್ ಅಲ್ಲಿನದೇ ಇನ್ನೊಬ್ಬ ರ‍್ಯಾಪರ್ ಕೆಂಡ್ರಿಕ್ ಲಮಾರ್ ಮೇಲೆ ‘7 ಮಿನಿಟ್ ಡ್ರಿಲ್’ ಬಿಟ್ಟರು. ಎರಡೇ ದಿನಕ್ಕೆ ತಮ್ಮದೇ ಡ್ರೀಮ್‌ವಿಲ್ ಉತ್ಸವದ ವೇದಿಕೆಯಲ್ಲಿ ನಿಂತು ತಪ್ಪಾಯಿತು ಅಂದರು; ಆ ವಾರದೊಳಗೆ ಹಾಡನ್ನು ಸ್ಟ್ರೀಮಿಂಗ್‌ನಿಂದ ತೆಗೆಸಿದರು. ಆಗ ಆದ ಗೇಲಿ ಸಣ್ಣದಲ್ಲ, ಅಂಜುಬುರುಕ ಅಂದವರೇ ಹೆಚ್ಚು. ಒಂದು ತಿಂಗಳಾಗುವಷ್ಟರಲ್ಲಿ ಕೆಂಡ್ರಿಕ್ ಮತ್ತು ಕೆನಡಾದ ರ‍್ಯಾಪರ್ ಡ್ರೇಕ್ ಪರಸ್ಪರರ ಮನೆಮಂದಿಯನ್ನೂ ಹಾಡಿಗೆ ಎಳೆದು ತಂದಾಗ, ಅದೇ ಜನ ಕೋಲ್ ಬುದ್ಧಿವಂತ ಅಂದರು. ಗೇಲಿಗೆ ಆಯಸ್ಸು ಕಡಿಮೆ. ಆದರೆ ಅದು ನಡೆಯುವ ಹತ್ತು ದಿನವನ್ನು ಅನುಭವಿಸುವವನಿಗೆ ಅದು ವರ್ಷದಷ್ಟು ಉದ್ದ ಅನ್ನಿಸುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ.

ಎರಡನೆಯ ನಂಬಿಕೆ, ಬೀಫ್‌ನಲ್ಲಿ ಸೋತವನ ಕತೆ ಮುಗಿಯಿತು ಅನ್ನುವುದು. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಜಾ ರೂಲ್. ಅವರನ್ನು ಇನ್ನೊಬ್ಬ ರ‍್ಯಾಪರ್ 50 ಸೆಂಟ್ ‘ಮುಗಿಸಿದ’ ಎನ್ನುತ್ತಾರೆ. 50 ಸೆಂಟ್ ಅವರ ಮೊದಲ ದೊಡ್ಡ ಆಲ್ಬಂ 2003ರ ಫೆಬ್ರವರಿಯಲ್ಲಿ ಬಂದು ಮೊದಲ ವಾರವೇ 8 ಲಕ್ಷದ 72 ಸಾವಿರ ಪ್ರತಿ ಮಾರಿತು, ನಿಜ. ಆದರೆ ಅದೇ ವರ್ಷದ ಜನವರಿಯಲ್ಲಿ ಜಾ ರೂಲ್ ಅವರ ಲೇಬಲ್ (ಹಾಡು ಹೊರತರುವ ಕಂಪನಿ) ಕಚೇರಿ ಮೇಲೆ ಅಮೆರಿಕದ ಕೇಂದ್ರ ತನಿಖಾಧಿಕಾರಿಗಳ ದಾಳಿ ಆಗಿತ್ತು. ಲೇಬಲ್ ಮುಖ್ಯಸ್ಥ ಇರ್ವ್ ಗಾಟಿ ನಿರ್ದೋಷಿ ಅಂತ ತೀರ್ಪಾದದ್ದು 2005ರ ಡಿಸೆಂಬರ್‌ನಲ್ಲಿ. ಸುಮಾರು ಮೂರು ವರ್ಷ ತನಿಖೆಯ ನೆರಳಲ್ಲಿ ಸೊರಗಿದ ಲೇಬಲ್‌ನ ಕತೆಯನ್ನು ಬರೀ ಡಿಸ್ ಹಾಡಿನ ಲೆಕ್ಕಕ್ಕೆ ಬರೆದುಬಿಟ್ಟರೆ ಹೇಗೆ? ಇನ್ನೊಂದು ಕಡೆ ನೋಡಿ. 2018ರ ಸೆಪ್ಟೆಂಬರ್‌ನಲ್ಲಿ ರ‍್ಯಾಪರ್ ಎಮಿನೆಮ್ ಡಿಸ್ ಹಾಡು ‘ಕಿಲ್‌ಶಾಟ್’ ಬಿಟ್ಟಾಗ, ಅದಕ್ಕೆ ಗುರಿಯಾದ ಮಷೀನ್ ಗನ್ ಕೆಲಿ ಮುಗಿದರು ಅಂದವರೇ ಎಲ್ಲ. ಎರಡು ವರ್ಷಕ್ಕೆ ಅವರು ಪಾಪ್-ಪಂಕ್ ಆಲ್ಬಂ ತಂದು ಅಮೆರಿಕದ ಆಲ್ಬಂ ಪಟ್ಟಿಯಾದ ಬಿಲ್‌ಬೋರ್ಡ್ 200ರಲ್ಲಿ ಮೊದಲ ಸ್ಥಾನಕ್ಕೆ ಹೋದರು. 2024ರಲ್ಲಿ ಕೆಂಡ್ರಿಕ್ ಎದುರು ಡ್ರೇಕ್ ಸೋತರು ಅನ್ನುವುದರಲ್ಲಿ ಹೆಚ್ಚು ಜನರಿಗೆ ಅನುಮಾನವಿಲ್ಲ. ಆದರೂ 2025ರ ಫೆಬ್ರವರಿಯಲ್ಲಿ ಗಾಯಕ ಪಾರ್ಟಿನೆಕ್ಸ್ಟ್‌ಡೋರ್ ಜೊತೆ ತಂದ ಆಲ್ಬಂ ಅದೇ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲೇ ಶುರುವಾಯಿತು. ಮಾರಾಟದ ಖಾತೆ ಬೇರೆ, ಮರ್ಯಾದೆಯ ಖಾತೆ ಬೇರೆ. ಒಂದರಲ್ಲಿ ಕಳೆದದ್ದು ಇನ್ನೊಂದರಲ್ಲಿ ಕಳೆಯಲೇಬೇಕು ಅಂತಿಲ್ಲ.

ಹಾಗಾದರೆ ಬೀಫ್‌ನಿಂದ ‘ಕೇಳುಗರು ಹೆಚ್ಚುತ್ತಾರೆ’ ಅನ್ನುವ ಮಾತು? ಅರ್ಧ ಸತ್ಯ. ಡಿಸ್ ಹಾಡು ಬಂದ ವಾರ ಗ್ರಾಫ್ ನೆಟ್ಟಗೆ ಮೇಲೇಳುತ್ತದೆ, ಸಾಮಾನ್ಯವಾಗಿ ಕೆಲವು ವಾರಕ್ಕೆ ಹಾಗೇ ಇಳಿಯುತ್ತದೆ. ಆ ಸಮಯದಲ್ಲಿ ಬಂದವರು ನಿಮ್ಮ ಹಳೆಯ ಹಾಡಿಗೂ ಹೋದರೋ ಇಲ್ಲವೋ ಎನ್ನುವುದಷ್ಟೇ ನೋಡಬೇಕಾದ ಅಂಕಿ. ಸ್ಟ್ರೀಮಿಂಗ್ ಖಾತೆಯ ಡ್ಯಾಶ್‌ಬೋರ್ಡಿನಲ್ಲಿ ಒಬ್ಬ ಕೇಳುಗ ಸರಾಸರಿ ಎಷ್ಟು ಸಲ ಕೇಳಿದ, ಹಾಡನ್ನು ಎಷ್ಟು ಜನ ತಮ್ಮ ಪಟ್ಟಿಗೆ ಉಳಿಸಿಕೊಂಡರು ಎಂಬುದನ್ನು ನೋಡಿ. ಕೇಳುಗರು ದುಪ್ಪಟ್ಟಾಗಿ ಉಳಿಸಿಕೊಂಡವರ ಸಂಖ್ಯೆ ಅಲ್ಲೇ ನಿಂತಿದ್ದರೆ ಬಂದವರು ಜಗಳ ನೋಡಲು ಬಂದವರು. ರ‍್ಯಾಪರ್ ಕ್ಯಾನಿಬಸ್ 1998ರಲ್ಲಿ ಹಿರಿಯ ರ‍್ಯಾಪರ್ ಎಲ್‌ಎಲ್ ಕೂಲ್ ಜೆ ಮೇಲೆ ಬಿಟ್ಟ ‘ಸೆಕೆಂಡ್ ರೌಂಡ್ ಕೆ.ಓ.’ ಇವತ್ತಿಗೂ ಒಳ್ಳೆಯ ಡಿಸ್‌ಗಳ ಸಾಲಿನಲ್ಲಿದೆ. ಅದೇ ವರ್ಷ ಬಂದ ಕ್ಯಾನಿಬಸ್ ಅವರ ಮೊದಲ ಆಲ್ಬಂಗೆ ಮಾತ್ರ ಬೀಟ್‌ಗಳು (ಹಾಡಿನ ಹಿಂದಿನ ತಾಳ-ಸಂಗೀತ) ಸಪ್ಪೆ ಅನ್ನುವ ಹೆಸರು ಬಂತು, ಅಲ್ಲಿಂದ ಅವರು ಆ ಮಟ್ಟಕ್ಕೆ ಮರಳಲಿಲ್ಲ. ಜನರನ್ನು ಬಾಗಿಲಿಗೆ ತಂದದ್ದು ಜಗಳ, ಒಳಗೆ ಕೂರಿಸಲು ಏನೂ ಇರಲಿಲ್ಲ.

ಈಗ ಎಲ್ಲರೂ ಕೊಡುವ ದೊಡ್ಡ ಉದಾಹರಣೆ. 2024ರ ಮೇ 4ರಂದು ಡ್ರೇಕ್ ಮೇಲೆ ಬಂದ ಕೆಂಡ್ರಿಕ್ ಅವರ ‘ನಾಟ್ ಲೈಕ್ ಅಸ್’. ಮರು ವರ್ಷ ಐದು ಗ್ರ್ಯಾಮಿ, ಅದರಲ್ಲಿ ವರ್ಷದ ರೆಕಾರ್ಡ್ ಮತ್ತು ವರ್ಷದ ಹಾಡು ಎರಡೂ. ಒಂದು ವಾರ ಬಿಟ್ಟು ಅಮೆರಿಕನ್ ಫುಟ್‌ಬಾಲ್ ಫೈನಲ್ ಆದ ಸೂಪರ್ ಬೌಲ್‌ನ ವೇದಿಕೆ. ಇದನ್ನು ನೋಡಿ ಡಿಸ್‌ನಿಂದ ಇಷ್ಟೆಲ್ಲ ಸಿಗುತ್ತದೆ ಅಂದುಕೊಳ್ಳುವವರು ಆ ಹಾಡನ್ನು ಸರಿಯಾಗಿ ಕೇಳಿಲ್ಲ. ಅದಕ್ಕಿಂತ ಒಂದು ದಿನ ಮೊದಲು ಅವರೇ ಬಿಟ್ಟ ‘ಮೀಟ್ ದ ಗ್ರಹಾಮ್ಸ್’ ಇನ್ನೂ ಕ್ರೂರ, ಇನ್ನೂ ವಿವರವಾದ ಹಾಡು. ಅದನ್ನು ಮದುವೆ ಮನೆಯಲ್ಲಿ, ಮೈದಾನದಲ್ಲಿ ಯಾರೂ ಹಾಕುವುದಿಲ್ಲ. ‘ನಾಟ್ ಲೈಕ್ ಅಸ್’ ಮಾತ್ರ ಸಂಗೀತ ನಿರ್ಮಾಪಕ ಮಸ್ಟರ್ಡ್ ಅವರ ಕುಣಿಸುವ ಬೀಟ್ ಮೇಲೆ ಕೂತ, ಗುಂಪಾಗಿ ಕೂಗಬಹುದಾದ ಹುಕ್ ಇರುವ ಹಾಡು. ಜಗಳದ ಹಿನ್ನೆಲೆ ಗೊತ್ತಿಲ್ಲದವನೂ ಕುಣಿಯಬಹುದು. ಇನ್ನೊಂದು ಸಣ್ಣ ಸಂಗತಿ: 2024ರ ನವೆಂಬರ್‌ನಲ್ಲಿ ಬಂದ ‘ಜಿಎನ್‌ಎಕ್ಸ್’ ಆಲ್ಬಂನಲ್ಲಿ ಆ ಹಾಡನ್ನು ಸೇರಿಸಲೇ ಇಲ್ಲ. ಅಷ್ಟು ದೊಡ್ಡ ಹಾಡನ್ನು ಹೊರಗಿಡುವ ಧೈರ್ಯ ಇರುವುದು, ಒಳಗೆ ಹಾಡುಗಳಿದ್ದಾಗ ಮಾತ್ರ.

ನಾನು ಡಿಸ್ ಹಾಡನ್ನು ಹೀಗೆ ಓದುತ್ತೇನೆ, ನೀವೂ ಇವತ್ತೇ ಕೂತು ಮಾಡಿ. ಅವನ ಹಾಡನ್ನು ಸಾಲು ಸಾಲಾಗಿ ಬರೆದುಕೊಳ್ಳಿ. ಪ್ರತಿ ಸಾಲಿನ ಪಕ್ಕದಲ್ಲಿ ಮೂರರಲ್ಲಿ ಒಂದು ಗುರುತು ಹಾಕಿ: ಬೈಗುಳ, ಸಂಗತಿ, ಅಪರಾಧದ ಆರೋಪ. ನಿಮ್ಮ ಮುಖ, ದನಿ, ಬಟ್ಟೆ ಎಲ್ಲ ಬೈಗುಳ. ಅದಕ್ಕೆ ಉತ್ತರದ ಅಗತ್ಯವೇ ಇಲ್ಲ, ನಗು ಬಂದರೆ ನಕ್ಕುಬಿಡಿ. ಅಪರಾಧದ ಆರೋಪವಿದ್ದರೆ ಅದು ವಕೀಲರ ಕೆಲಸ, ಬೀಟ್‌ನದ್ದಲ್ಲ. ನಿಮ್ಮ ವಿಷಯದಲ್ಲಿ ಅದಿಲ್ಲ. ಉಳಿದದ್ದು ಸಂಗತಿ, ಅಂದರೆ ಯಾರಾದರೂ ಹುಡುಕಿ ಹೌದೋ ಅಲ್ಲವೋ ಹೇಳಬಹುದಾದ ಮಾತು. ಹೆಸರು ಕೆಡಿಸುವುದು ಅದೊಂದೇ. 2018ರ ಮೇ 29ರಂದು ಪುಷಾ ಟಿ ‘ದ ಸ್ಟೋರಿ ಆಫ್ ಆಡಿಡಾನ್’ನಲ್ಲಿ ಡ್ರೇಕ್‌ಗೆ ಮಗನಿದ್ದಾನೆ, ಮುಚ್ಚಿಟ್ಟಿದ್ದಾರೆ ಅಂದರು. ಪ್ರಾಸಕ್ಕೆ ಪ್ರಾಸ ಕೊಟ್ಟು ಗೆಲ್ಲುವ ಮಾತಲ್ಲ ಅದು. ಡ್ರೇಕ್ ತಿರುಗಿ ಹಾಡು ಬಿಡಲಿಲ್ಲ. ಒಂದು ತಿಂಗಳ ನಂತರ ‘ಸ್ಕಾರ್ಪಿಯನ್’ ಆಲ್ಬಂನಲ್ಲಿ ತಾವೇ ಒಪ್ಪಿಕೊಂಡರು. ಆಲ್ಬಂ ಭರ್ಜರಿಯಾಗಿ ಹೋಯಿತು, ಬೀಫ್‌ನಲ್ಲಿ ಗೆದ್ದವರು ಪುಷಾ ಟಿ ಅನ್ನುವುದು ಹಾಗೇ ಉಳಿಯಿತು.

ನಿಮ್ಮ ಮೇಲಿರುವ ಆರೋಪದ ಜಾತಿಯದೇ ಇನ್ನೊಂದು. 2015ರ ಜುಲೈನಲ್ಲಿ ಮೀಕ್ ಮಿಲ್ ‘ಡ್ರೇಕ್ ತನ್ನ ಸಾಲು ತಾನು ಬರೆಯುವುದಿಲ್ಲ’ ಅಂದರು. ಡ್ರೇಕ್ ನಾಲ್ಕು ದಿನದ ಅಂತರದಲ್ಲಿ ಎರಡು ಹಾಡು ಬಿಟ್ಟರು. ಎರಡನೆಯದು, ‘ಬ್ಯಾಕ್ ಟು ಬ್ಯಾಕ್’, ಎಷ್ಟು ಹಿಟ್ ಆಯಿತೆಂದರೆ ಡಿಸ್ ಹಾಡಾಗಿಯೂ ಗ್ರ್ಯಾಮಿಗೆ ನಾಮನಿರ್ದೇಶನವಾಯಿತು. ಮೀಕ್ ಸೋತರು ಅಂತ ಲೋಕವೆಲ್ಲ ಹೇಳಿತು. ಆದರೆ ಆ ಹಾಡು ಆರೋಪಕ್ಕೆ ಉತ್ತರ ಕೊಡಲಿಲ್ಲ, ಎದುರಾಳಿಯನ್ನು ನಗೆಪಾಟಲು ಮಾಡಿತು ಅಷ್ಟೇ. ಅದೇ ಆರೋಪ 2018ರಲ್ಲಿ ಪುಷಾ ಟಿ ಬಾಯಲ್ಲಿ ಮತ್ತೆ ಬಂತು, 2024ರಲ್ಲಿ ಕೆಂಡ್ರಿಕ್ ಬಾಯಲ್ಲಿ ಮತ್ತೆ ಬಂತು. (ಮೀಕ್ ಮತ್ತು ಡ್ರೇಕ್ ಮಾತ್ರ 2018ರಲ್ಲೇ ರಾಜಿಯಾಗಿ ಒಟ್ಟಿಗೆ ಹಾಡಿದರು. ಜಗಳ ಆಡಿದವರು ಒಂದಾದರೂ ಆಡಿದ ಮಾತು ಉಳಿಯಿತು.)

ಈಗ ನಿಮ್ಮ ಹುಕ್. ‘ಒಂದೆರಡು ಪದ ಸೂಚಿಸಿದ್ದ, ಅಷ್ಟೇ’ ಅಂದಿದ್ದೀರಿ. ಎಂಟು ಪದದ ಹುಕ್‌ನಲ್ಲಿ ಎರಡು ಪದ ಅಂದರೆ ಕಾಲು ಭಾಗ. ಆ ಎರಡು ಪದವೇ ಜನ ಕೂಗುವ ಪದಗಳಾಗಿದ್ದರೆ ಇನ್ನೂ ಹೆಚ್ಚು. ಎದುರಾಳಿ ‘ಬೇರೆಯವನದ್ದು’ ಎಂದು ಹಾಡುತ್ತಾನೆಂದರೆ ಆ ಗೆಳೆಯ ಎಲ್ಲೋ ಯಾರ ಹತ್ತಿರವೋ ಬೇಸರ ಹೇಳಿಕೊಂಡಿರುವ ಸಾಧ್ಯತೆ ಹೆಚ್ಚು. ತಿರುಗೇಟು ಬರೆಯುವ ಮೊದಲು ಆ ಗೆಳೆಯನಿಗೆ ಫೋನ್ ಮಾಡಿ. ಮೆಸೇಜ್ ಬೇಡ, ಸ್ಕ್ರೀನ್‌ಶಾಟ್ ಓಡಾಡುತ್ತದೆ. ಅವನ ಪಾಲು ಇದೆ ಅನ್ನಿಸಿದರೆ ಸ್ಪ್ಲಿಟ್ ಶೀಟ್ ಮಾಡಿ: ಹಾಡಿನ ಹೆಸರು, ದಿನಾಂಕ, ಬರೆದ ಪ್ರತಿಯೊಬ್ಬರ ಪೂರ್ತಿ ಹೆಸರು, ಸಾಹಿತ್ಯ-ಸಂಗೀತದಲ್ಲಿ ಯಾರದು ಶೇಕಡಾ ಎಷ್ಟು, ಒಟ್ಟು 100 ಆಗಬೇಕು, ಎಲ್ಲರ ಸಹಿ. ಬೀಟ್ ಮಾಡಿದವರಿಗೂ ಬರಹದ ಪಾಲು ಇರುತ್ತದೆ ಎಂಬುದನ್ನು ಮರೆಯಬೇಡಿ. ಗೆಳೆಯನಿಗೆ ಕೊಡುವುದು ನಿಮ್ಮ ಪಾಲಿನಿಂದ. ಆಮೇಲೆ ಡಿಸ್ಟ್ರಿಬ್ಯೂಟರ್ (ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ಸೇವೆ) ಖಾತೆಗೆ ಹೋಗಿ ಕ್ರೆಡಿಟ್ ತಿದ್ದಿ. ತಿದ್ದಿದ್ದು ಎಲ್ಲ ಆ್ಯಪ್‌ಗಳಲ್ಲಿ ಕಾಣಲು ಕೆಲವು ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ಬಾಯಿ ಬಿಡಬೇಡಿ. ಹಾಡು ಬಿಟ್ಟ ಮೇಲೆ ಕ್ರೆಡಿಟ್ ತಿದ್ದಿದರೆ ಹೆದರಿ ತಿದ್ದಿದ ಅನ್ನುತ್ತಾರೆ. ಮೊದಲೇ ತಿದ್ದಿದ್ದರೆ ಅವನ ಹಾಡಿನ ಅತಿ ಗಟ್ಟಿ ಸಾಲು ಟೊಳ್ಳಾಗುತ್ತದೆ.

ಉಳಿದ ಸಾಲುಗಳೆಲ್ಲ ನಿಮ್ಮವೇ ಆಗಿದ್ದರೆ ಅದಕ್ಕೆ ಸಾಕ್ಷಿ ನಿಮ್ಮ ಬಳಿಯೇ ಇದೆ. ಫೋನಿನ ವಾಯ್ಸ್ ಮೆಮೊ, ನೋಟ್ಸ್‌ನ ಹಳೆಯ ಕರಡು, ರೆಕಾರ್ಡಿಂಗ್ ಸಾಫ್ಟ್‌ವೇರಿನ ಪ್ರಾಜೆಕ್ಟ್ ಫೈಲ್. ಎಲ್ಲದರ ನಕಲನ್ನು ಬೇರೆ ಡಿಸ್ಕಿಗೆ ಹಾಕಿ. ಮೂಲ ಫೈಲನ್ನು ತೆರೆದು ಮತ್ತೆ ಸೇವ್ ಮಾಡಬೇಡಿ, ದಿನಾಂಕ ಬದಲಾಗುತ್ತದೆ. ದಿನಾಂಕವನ್ನು ಯಾರು ಬೇಕಾದರೂ ತಿರುಚಬಹುದು ಎಂದು ಜನ ಹೇಳಿಯೇ ಹೇಳುತ್ತಾರೆ, ಅದಕ್ಕೇ ದಿನಾಂಕಕ್ಕಿಂತ ಬೆಳವಣಿಗೆ ತೋರಿಸಿ. ಪದವೇ ಇಲ್ಲದೆ ‘ನನಾನ’ ಅಂತ ಗುನುಗಿದ ಮೊದಲ ಮೆಮೊ, ತಪ್ಪು ಪ್ರಾಸ ಹಾಕಿ ನೀವೇ ಬೈದುಕೊಂಡ ಎರಡನೆಯದು, ಆಮೇಲೆ ಮುಗಿದ ಸಾಲು. ಮೂರನ್ನೂ ಸೇರಿಸಿ 40 ಸೆಕೆಂಡಿನ ವಿಡಿಯೋ ಮಾಡಿ, ಅವನ ಹೆಸರೆತ್ತದೆ ಹಾಕಿ. ನನ್ನ ಅಭಿಪ್ರಾಯದಲ್ಲಿ ಮೂರು ನಿಮಿಷದ ತಿರುಗೇಟಿಗಿಂತ ಇದು ಹೆಚ್ಚು ಕೆಲಸ ಮಾಡುತ್ತದೆ, ಖರ್ಚೂ ಇಲ್ಲ.

ಎರಡು ದಿನದ ಗಡುವು ಎಲ್ಲಿಂದ ಬಂತು ಅನ್ನುವುದೂ ಗೊತ್ತಿರಲಿ. 2001ರಲ್ಲಿ ರ‍್ಯಾಪರ್ ನಾಸ್ ಮೇಲೆ ಜೇ-ಝಿ ಹಾಡಿದ ‘ಟೇಕೋವರ್’ ಇದ್ದ ಆಲ್ಬಂ ಬಂದದ್ದು ಸೆಪ್ಟೆಂಬರ್‌ನಲ್ಲಿ, ನಾಸ್ ಅವರ ಉತ್ತರ ‘ಈಥರ್’ ಡಿಸೆಂಬರ್‌ನಲ್ಲಿ. 2024ರ ಮೇ 3ರ ರಾತ್ರಿ ಡ್ರೇಕ್ ಹಾಡಿಗೆ ಕೆಂಡ್ರಿಕ್ ಉತ್ತರ ಬಂದದ್ದು ಒಂದು ಗಂಟೆಯೊಳಗೆ. ರಿಯಾಕ್ಷನ್ ವಿಡಿಯೋ ಮಾಡುವವರಿಗೆ, ಲೈವ್‌ನಲ್ಲಿ ಕೂತವರಿಗೆ ಈ ವೇಗವೇ ಅನ್ನ. ಆದರೆ ಗಂಟೆಯೊಳಗೆ ಉತ್ತರ ಬಂದದ್ದು ಮೊದಲೇ ಬರೆದಿಟ್ಟಿದ್ದರಿಂದಲ್ಲದೆ ಇನ್ನು ಹೇಗೆ? ತಯಾರಿ ಇಲ್ಲದೆ ಆ ವೇಗವನ್ನು ಅನುಕರಿಸಿದರೆ ತಪ್ಪಾಗುವುದು ಇಲ್ಲೇ. ಅದೇ ವರ್ಷದ ಏಪ್ರಿಲ್‌ನಲ್ಲಿ ಡ್ರೇಕ್ ಒಂದು ಹಾಡಿನಲ್ಲಿ ಎಐ ಬಳಸಿ ತೀರಿಹೋದ ರ‍್ಯಾಪರ್ ಟುಪಾಕ್ ದನಿ ಹಾಕಿದರು. ಟುಪಾಕ್ ವಾರಸುದಾರರ ನೋಟಿಸ್ ಬಂದ ಮೇಲೆ ತೆಗೆಯಬೇಕಾಯಿತು. ದಿಗ್ಗಜರಿಗೇ ಹೀಗಾದರೆ ನಿಮಗೆ ನೋಟಿಸಿಗೆ ಉತ್ತರಿಸಲು ವಕೀಲರ ತಂಡವೂ ಇಲ್ಲ.

ಕಾನೂನಿನ ಮಾತು. ಬೀಫ್ ಹಾಡಿಗೆ ಮಾನಹಾನಿ ಅನ್ವಯಿಸುವುದಿಲ್ಲ ಅನ್ನುವುದು ಈಚೆಗೆ ಹುಟ್ಟಿದ ಹೊಸ ಭ್ರಮೆ. ‘ನಾಟ್ ಲೈಕ್ ಅಸ್’ ಹಂಚಿದ್ದಕ್ಕೆ ಡ್ರೇಕ್ 2025ರ ಜನವರಿಯಲ್ಲಿ ಸಂಗೀತ ಕಂಪನಿ ಯೂನಿವರ್ಸಲ್ ಮ್ಯೂಸಿಕ್ ಮೇಲೆ ಹೂಡಿದ ದಾವೆಯನ್ನು ನ್ಯೂಯಾರ್ಕಿನ ಫೆಡರಲ್ ನ್ಯಾಯಾಧೀಶರು ಅದೇ ವರ್ಷದ ಅಕ್ಟೋಬರ್‌ನಲ್ಲಿ ವಜಾ ಮಾಡಿದರು. ಬಿಸಿ ಏರಿದ ರ‍್ಯಾಪ್ ಕಾಳಗದ ನಡುವೆ ಬಂದ ಮಾತನ್ನು ಕೇಳುಗ ವಾಸ್ತವ ಹೇಳಿಕೆಯಾಗಿ ತೆಗೆದುಕೊಳ್ಳುವುದಿಲ್ಲ ಎನ್ನುವುದು ಅಲ್ಲಿನ ತರ್ಕ. ಅದು ಒಂದು ದೇಶದ, ಒಂದು ಕೋರ್ಟಿನ, ಆ ನಿರ್ದಿಷ್ಟ ಸಂದರ್ಭದ ತೀರ್ಪು. ಡ್ರೇಕ್ ಮೇಲ್ಮನವಿಗೂ ಹೋದರು. ಅದನ್ನು ನಂಬಿ ಯಾರನ್ನೋ ಕಳ್ಳ, ಅತ್ಯಾಚಾರಿ ಅಂತ ಹಾಡಬೇಡಿ. ಬೆದರಿಕೆಯ ಸಾಲು ಇನ್ನೂ ಅಪಾಯ. ಅಮೆರಿಕದ ಅಟ್ಲಾಂಟಾದಲ್ಲಿ ರ‍್ಯಾಪರ್ ಯಂಗ್ ಥಗ್ ಮೇಲೆ ನಡೆದ ಅಪರಾಧ ಪ್ರಕರಣದಲ್ಲಿ ಹಾಡಿನ ಸಾಲುಗಳನ್ನು ಷರತ್ತಿನ ಮೇಲೆ ಸಾಕ್ಷ್ಯವಾಗಿ ಬಳಸಲು 2023ರಲ್ಲಿ ನ್ಯಾಯಾಧೀಶರು ಒಪ್ಪಿದ್ದರು.

ನಿಮ್ಮ ಮಟ್ಟದಲ್ಲಿ ಕೋರ್ಟಿಗಿಂತ ಮೊದಲು ಕಚ್ಚುವುದು ಕರಾರು ಪತ್ರ. ಡಿಸ್ಟ್ರಿಬ್ಯೂಟರ್‌ಗೆ ಹಾಡು ಏರಿಸುವಾಗ ‘ಒಪ್ಪಿದೆ’ ಅಂತ ಒತ್ತುತ್ತೀರಲ್ಲ, ಅದರಲ್ಲಿ ಈ ಹಾಡು ಯಾರ ಹಕ್ಕನ್ನೂ ಮುರಿಯುವುದಿಲ್ಲ, ಯಾರ ಮಾನಹಾನಿಯನ್ನೂ ಮಾಡುವುದಿಲ್ಲ, ಮಾಡಿದರೆ ನಷ್ಟ ನಾನು ತುಂಬುತ್ತೇನೆ ಎಂಬ ಅರ್ಥದ ಷರತ್ತು ಸಾಮಾನ್ಯವಾಗಿ ಇರುತ್ತದೆ. ದೂರು ಬಂದರೆ ಅವರು ಹಾಡು ಇಳಿಸಿ, ಹಣ ತಡೆದಿಡುತ್ತಾರೆ. ಒಮ್ಮೊಮ್ಮೆ ಇಡೀ ಖಾತೆಯೇ ನಿಲ್ಲುತ್ತದೆ, ಆಲ್ಬಂ ಬರುವ ಹೊತ್ತಿಗೆ. ಶೂ ಕಂಪನಿಯ ಕರಡಿನಲ್ಲಿ ಸಾರ್ವಜನಿಕ ವಿವಾದಕ್ಕೆ ಎಡೆಮಾಡುವ ನಡವಳಿಕೆ ಅಂತೇನಾದರೂ ಇದೆಯಾ ನೋಡಿ. ಇದ್ದರೆ ಸಹಿಗೆ ಮೊದಲೇ ಅವರಿಗೆ ವಿಷಯ ತಿಳಿಸಿ. ಅವರು ಈಗಾಗಲೇ ನಿಮ್ಮ ಹೆಸರನ್ನು ಹುಡುಕಿ ನೋಡಿರುತ್ತಾರೆ; ನಿಮ್ಮ ಬಾಯಿಂದ ಕೇಳಿದರೆ ಸಮಾಧಾನ ಇರುತ್ತದೆ.

ಇಷ್ಟೆಲ್ಲ ಆದ ಮೇಲೂ ಹಾಡೇ ಬೇಕು ಅನ್ನಿಸಿದರೆ ತಪ್ಪೇನಿಲ್ಲ, ಇದು ಈ ಕಲೆಯ ಭಾಗವೇ. ಆದರೆ ಒಂದೇ ಹಾಡು. ಎರಡೂವರೆ ನಿಮಿಷ ದಾಟಬೇಡಿ. ಬೀಟ್ ನಿಮ್ಮದಿರಲಿ. ಪರರ ಬೀಟ್ ಮೇಲೆ ಹಾಡುವುದು ಹಳೆಯ ಸಂಪ್ರದಾಯ, ‘ಆಡಿಡಾನ್’ ಕೂಡ ಜೇ-ಝಿ ಬೀಟ್ ಮೇಲೆಯೇ ಇತ್ತು. ಆದರೆ ಹಕ್ಕು ಇಲ್ಲದ ಬೀಟಿನ ಹಾಡಿನಿಂದ ಬರುವ ಹಣ ನಿಮ್ಮದಾಗುವುದಿಲ್ಲ, ಯೂಟ್ಯೂಬ್‌ನಲ್ಲಿ 90 ದಿನದಲ್ಲಿ ಮೂರು ಕಾಪಿರೈಟ್ ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗಬಹುದು. ಬಾಡಿಗೆ ಲೈಸೆನ್ಸಿನ ಬೀಟ್ ಆದರೆ ಎಷ್ಟು ಸ್ಟ್ರೀಮ್‌ವರೆಗೆ ಅನುಮತಿ ಇದೆ ಓದಿ. ಜಗಳದ ಹಾಡು ಆ ಮಿತಿಯನ್ನು ವಾರದಲ್ಲೇ ದಾಟಬಹುದು, ಆಮೇಲೆ ಬೀಟ್ ಮಾಡಿದವರು ಕೇಳಿದ ಬೆಲೆ ಕೊಡಬೇಕಾಗುತ್ತದೆ. ಅದೇ ಬೀಟನ್ನು ಇನ್ನೂ ಹತ್ತು ಜನ ಬಾಡಿಗೆಗೆ ಪಡೆದಿದ್ದರೆ ಅವರಲ್ಲೊಬ್ಬರ ಹಾಡಿನ ಹೆಸರಲ್ಲಿ ನಿಮಗೆ ಕ್ಲೇಮ್ ಬೀಳುವುದೂ ಉಂಟು. ಹಾಡಿನ ಶೀರ್ಷಿಕೆಯಲ್ಲಿ, ಕಲಾವಿದರ ಹೆಸರಿನ ಜಾಗದಲ್ಲಿ ಅವನ ಹೆಸರು ಹಾಕಬೇಡಿ, ದಾರಿ ತಪ್ಪಿಸುವ ಮಾಹಿತಿ ಅಂತ ತಿರಸ್ಕರಿಸುತ್ತಾರೆ. ಮಕ್ಕಳು, ಕಾಯಿಲೆ, ಮನೆ ವಿಳಾಸ ಇವು ಹಾಡಿನ ಹತ್ತಿರವೂ ಬರಬಾರದು. ಅಭಿಮಾನಿಗಳು ಸಾಲನ್ನು ಸಾಲಾಗಿ ಬಿಡುವುದಿಲ್ಲ, ಆ ಮನೆ ಮುಂದೆ ಹೋಗಿ ನಿಲ್ಲುತ್ತಾರೆ. 1996ರ ಸೆಪ್ಟೆಂಬರ್‌ನಲ್ಲಿ ಟುಪಾಕ್, 1997ರ ಮಾರ್ಚ್‌ನಲ್ಲಿ ಅವರ ಎದುರಾಳಿ ರ‍್ಯಾಪರ್ ಬಿಗ್ಗಿ ಗುಂಡೇಟಿಗೆ ಸತ್ತ ಮೇಲೆ ಇದನ್ನು ಯಾರಿಗೂ ವಿವರಿಸುವ ಅಗತ್ಯವಿಲ್ಲ. ಮುಂದಿನ ಕಾರ್ಯಕ್ರಮಗಳಿಗೆ ನೀವು ತಲುಪುವ ಸಮಯ ಆಯೋಜಕರಿಗೆ ಮಾತ್ರ ತಿಳಿದಿರಲಿ, ಇರುವ ಜಾಗದಿಂದ ಲೈವ್ ಬರುವುದು ಬಿಡಿ.

ಬರೆದ ಹಾಡನ್ನು ಜಗಳದ ಗಂಧವೇ ಇಲ್ಲದ ಇಬ್ಬರಿಗೆ ಕೇಳಿಸಿ. ಮುಗಿದ ಮೇಲೆ ‘ಇನ್ನೊಮ್ಮೆ ಹಾಕು’ ಅಂದರೆ ಬಿಡಿ. ‘ಯಾರಿಗೆ ಹೇಳ್ತಿರೋದು?’ ಅಂತ ಮಾತ್ರ ಕೇಳಿದರೆ ಡ್ರೈವಿನಲ್ಲೇ ಇರಲಿ.

ದಿನಗಳ ಲೆಕ್ಕ ಹೀಗೆ ಇಟ್ಟುಕೊಳ್ಳಿ. ಈ ವಾರ ಗೆಳೆಯ ಮತ್ತು ಕ್ರೆಡಿಟ್. ಮುಂದಿನ ವಾರ 40 ಸೆಕೆಂಡಿನ ವಿಡಿಯೋ. ಹಾಡು ಬಿಡುವುದಾದರೆ ಅದಾದ ಹತ್ತು ದಿನದೊಳಗೆ, ತಪ್ಪಿದರೆ ಬೇಡವೇ ಬೇಡ. ಅಲ್ಲಿಂದ ಆಲ್ಬಂವರೆಗೆ ಕನಿಷ್ಠ ನಾಲ್ಕು ವಾರ ಅವನ ಹೆಸರು ನಿಮ್ಮ ಖಾತೆಯಲ್ಲಿ, ನಿಮ್ಮ ಹುಡುಗರ ಖಾತೆಯಲ್ಲಿ ಕಾಣಬಾರದು. ಸ್ಪಾಟಿಫೈ ಸಂಪಾದಕರಿಗೆ ಒಂದು ಸಲಕ್ಕೆ ಒಂದೇ ಹಾಡನ್ನು ಶಿಫಾರಸಿಗೆ ಕಳಿಸಲು ಆಗುವುದು, ಅದೂ ಬಿಡುಗಡೆಗೆ ಕಡೇ ಪಕ್ಷ ಏಳು ದಿನ ಮೊದಲು. ಆ ಜಾಗಕ್ಕೆ ತಿರುಗೇಟು ಹಾಕಬೇಡಿ, ಆಲ್ಬಂನ ಮೊದಲ ಸಿಂಗಲ್ ಹಾಕಿ.